ಹಿಮ್ಮಡಿಗೂ ಸ್ಕ್ಯಾನಿಂಗ್

ಹಿಮ್ಮಡಿ ಕೊಯ್ಯುತ್ತಾರೆ ಎಂದರೆ ಏನೆಂದು ನಾನು ಪುಸ್ತಕ ಓದಿ ತಿಳಿದವಳಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಪುಸ್ತಕ ಎಲ್ಲಿಯದು? ನನ್ನ ಅಕ್ಕನ ನಡಿಗೆಯಲ್ಲಿ ನೋಡಿ ತಿಳಿದುಕೊಂಡೆ.

ಅಕ್ಕನನ್ನು ಚಿಂಚೋಳಿಗೆ ಕೊಟ್ಟಿದ್ದರು. ತೊಂಬತ್ತರ ದಶಕದಲ್ಲಿ ಅವಳ ಎಡ ಹಿಮ್ಮಡಿ ನೋಯಲು ಹತ್ತಿತು. ಗುಳಿಗೆ, ಎಣ್ಣೆ, ಹರಕೆ ಎಲ್ಲ ಮುಗಿದ ಮೇಲೆ ದೂರದ ಊರಿನ ಆಸ್ಪತ್ರೆಗೆ ಹೋಗಿ ಎಲುಬು ಕೆತ್ತಿಸಿಕೊಂಡು ಬಂದಳು. ಗಾಯ ಮಾಯಲು ತಡವಾಯಿತು. ಮಾಯ್ದ ಮೇಲೂ ಹಿಮ್ಮಡಿ ಊರಲು ಹೆದರಿ, ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಡೆಯುವುದು ರೂಢಿಯಾಯಿತು. ಅದರಿಂದ ಮೊಣಕಾಲು ಕೆಟ್ಟಿತು. ಮೊಣಕಾಲು ಕೆಟ್ಟದ್ದಕ್ಕೆ ಕೋಲು ಬಂತು. ಇಡೀ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಬಾವಿಗೆ ಹೋಗಿ ಬರುತ್ತಿದ್ದ ಹೆಂಗಸು, ಬಾಗಿಲಿಗೆ ಯಾರು ಬಂದರೂ ಕುಳಿತಲ್ಲಿಂದಲೇ "ಒಳಗ ಬರ್ರಿ" ಎನ್ನುವಂತಾದಳು. ಇದರಲ್ಲಿ ಯಾರದೋ ತಪ್ಪಿತ್ತು ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಹಾಗಾಗುತ್ತದೆ. ಅಕ್ಕನಿಗೆ ಆಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ ನನ್ನ ಬಲ ಹಿಮ್ಮಡಿ ನೋಯಲು ಶುರುವಾದಾಗ ನನಗೆ ಮೊದಲು ನೆನಪಾದದ್ದು ಆ ಕೋಲಿನ ಸದ್ದು.

ನಮ್ಮದು ವಾಡಿ. ನಮ್ಮ ಮನೆಯವರು ರೈಲ್ವೆಯಲ್ಲಿ ಹಳಿಯ ಕೆಲಸ ಮಾಡಿ ರಿಟೈರ್ ಆದವರು. ಮಗ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕಿದ್ದ. ನಮ್ಮ ಕಡೆ ನೆಲ ಎಂದರೆ ಫರಸಿ ಕಲ್ಲು. ಪಡಸಾಲೆಗೆ ಫರಸಿ, ಅಂಗಳಕ್ಕೆ ಫರಸಿ, ಬಚ್ಚಲಿಗೆ ಫರಸಿ. ನಮ್ಮ ಅಡುಗೆಮನೆ ಮಾತ್ರ ಬಹಳ ದಿನ ಮಣ್ಣಿನ ನೆಲವಾಗಿಯೇ ಉಳಿದಿತ್ತು. ಸಗಣಿ ಸಾರಿಸಿ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆ. ಮಗ ದೊಡ್ಡ ದೊಡ್ಡ ಪಾಲಿಶ್ ಕಲ್ಲು ತಂದು ಅಲ್ಲಿಯೂ ಹಾಸಿಸಿದ. ಗೋಡೆಗೆ ಹತ್ತಿಸಿ ಎತ್ತರದ ಕಟ್ಟೆ ಕಟ್ಟಿಸಿ ಅದರ ಮೇಲೆ ಗ್ಯಾಸ್ ಇಟ್ಟ. ಅಂದಿನಿಂದ ನಿಂತು ರೊಟ್ಟಿ ಬಡಿಯುವುದು ಶುರುವಾಯಿತು. ನೆರೆಮನೆಯವರು ಬಂದು ನೆಲದ ಮೇಲೆ ಕೈಯಾಡಿಸಿ, "ಕನ್ನಡಿ ಆಗ್ಯಾದ ನೋಡವ್ವ" ಎಂದು ಹೊಗಳಿ ಹೋದರು. ನನಗೂ ಹಿಗ್ಗಾಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ನೋವು ಹೇಗೆ ಬಂತೆಂದರೆ, ಬೆಳಿಗ್ಗೆ ಎದ್ದು ಕಾಲು ಊರಿದರೆ ಹಿಮ್ಮಡಿಯೊಳಗೆ ಯಾರೋ ಕಾಸಿದ ಸೂಜಿ ಚುಚ್ಚಿದ ಹಾಗೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕು. ಸ್ವಲ್ಪ ನಡೆದಾಡಿದರೆ ತಗ್ಗುತ್ತದೆ. ಊಟ ಮಾಡಿ ಅಡ್ಡಾಗಿ ಎದ್ದರೆ ಮತ್ತೆ ಅದೇ ಸೂಜಿ. ಉರಿಯುತ್ತದಲ್ಲ, ಹಾಗಾದರೆ ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎಂದು ನಾನೇ ತೀರ್ಮಾನ ಮಾಡಿದೆ. ಉಷ್ಣಕ್ಕೆ ನಮ್ಮಲ್ಲಿ ಔಷಧ ಕೇಳುವುದೇ ಬೇಡ, ಕಾಲ ಕೆಳಗೇ ಇದೆ. ಬೇಸಿಗೆಯ ಮಧ್ಯಾಹ್ನ ಫರಸಿಗೆ ನೀರು ಚೆಲ್ಲಿ ಬರಿಮೈಯಲ್ಲಿ ಅದರ ಮೇಲೆ ಮಲಗುವ ಗಂಡಸರು ಇಲ್ಲಿ ಮನೆಮನೆಗೂ ಇದ್ದಾರೆ. ಕಲ್ಲು ಮೈಯ ಕಾವು ಎಳೆಯುತ್ತದೆ ಎಂಬುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಾಗಾಗಿ ನಾನು ದಿನವೂ ಎದ್ದ ಕೂಡಲೇ ಅಡುಗೆಮನೆಯ ಫರಸಿಗೆ ಒಂದು ಕೊಡ ನೀರು ಸುರಿದು, ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಅದರ ಮೇಲೆ ನಿಲ್ಲುತ್ತಿದ್ದೆ. ಸುಮ್ಮನೆ ನಿಂತರೆ ಸಾಲದು ಎಂದು ಹಿಮ್ಮಡಿಯನ್ನು ಕಲ್ಲಿಗೆ ಕುಟ್ಟುತ್ತಿದ್ದೆ. ಕಾವು ಪೂರಾ ಇಳಿಯಲಿ ಎಂದು.

"ಅತ್ತೀ, ಹಂಗ ಕುಟ್ಟಬ್ಯಾಡ್ರಿ, ಇನ್ನಾ ನೋಯ್ತದ," ಎಂದು ಸೊಸೆ ಹೇಳಿದ್ದಳು.

"ನೀ ನಿನ್ನೆ ಮೊನ್ನೆ ಬಂದಾಕಿ. ಈ ಕಲ್ಲು ನನಗ ಹುಟ್ಟಿದಾಗಿಂದ ಗೊತ್ತು," ಎಂದು ಅವಳ ಬಾಯಿ ಮುಚ್ಚಿಸಿದೆ. ಅವಳು ಬಂದು ಎರಡು ಮಕ್ಕಳ ತಾಯಿಯಾಗಿದ್ದಳು. ಆದರೂ ಸೊಸೆ ಎಂದರೆ ನಿನ್ನೆ ಮೊನ್ನೆ ಬಂದವಳೇ.

ಎಕ್ಕೆಯ ಎಲೆಯ ಔಷಧವೂ ಆಯಿತು. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕೆಯ ಎಲೆ ಹಾಸಿ, ಹಿಮ್ಮಡಿ ಒತ್ತಬೇಕೆಂದು ಹಿಂದಿನ ಮನೆಯವಳು ಹೇಳಿದಳು. ನಮ್ಮ ಮನೆಯವರಿಗೆ ಇಟ್ಟಿಗೆ ಹುಡುಕಲು ಬೇಸರವಾಗಿ, ಹಿತ್ತಿಲಲ್ಲಿ ಬಿದ್ದಿದ್ದ ಫರಸಿಯ ತುಂಡನ್ನು ನೀರೊಲೆಗೆ ತುರುಕಿದರು. ಅದು ಕಾದು, ಢಮ್ ಎಂದು ಸಿಡಿದು, ಬಚ್ಚಲಿನ ತುಂಬ ಚಕ್ಕೆ ಹಾರಿತು. ನಾನು ನೋವು ಮರೆತು ಬೀದಿಯವರೆಗೆ ಓಡಿದೆ.

"ನೋಡು, ಓಡಿದಿ ಅಲ್ಲ? ಔಷಧ ತಾಗ್ತು," ಎಂದರು.

"ಇಡೀ ಜಲ್ಮ ಕಲ್ಲಿನೂರಾಗ ಕಳದೀರಿ. ಫರಸಿ ಬೆಂಕಿಗೆ ಸಿಡೀತದ ಅಂತ ಗೊತ್ತಿಲ್ಲೇನು ನಿಮಗ?"

"ಗೊತ್ತಿತ್ತು. ಇಷ್ಟು ಜೋರ ಸಿಡೀತದ ಅಂತ ಗೊತ್ತಿರಲಿಲ್ಲ."

ನೋವು ಏರುತ್ತಲೇ ಹೋಯಿತು. ಶಹಾಬಾದಿನ ಒಬ್ಬ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು, ಮಾತು ಕಮ್ಮಿ. ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು.

"ಇಲ್ಲಿ ನೋಡ್ರಿ ಅವ್ವ. ಹಿಮ್ಮಡದ ಎಲುಬಿಗೆ ಕೆಳಗ ಕೋಳಿ ಚುಂಚಿನಂಗ ಬೆಳದದ."

ನೋಡಿದೆ. ಚುಂಚು ಇತ್ತು. ಅಕ್ಕನ ಎಕ್ಸ್‌ರೇಯಲ್ಲಿಯೂ ಇಂಥದೇ ಚುಂಚು ಇದ್ದದ್ದು ನನಗೆ ನೆನಪಿತ್ತು. ಅದನ್ನೇ ಕೆತ್ತಿದ್ದರು. ಡಾಕ್ಟರು ಗುಳಿಗೆ ಕೊಟ್ಟರು. ಅದು ಹಿಡಿಯದಿದ್ದಾಗ ಹಿಮ್ಮಡಿಗೇ ಇಂಜೆಕ್ಷನ್ ಕೊಟ್ಟರು. ಅದರಿಂದ ಕೆಲವು ದಿನ ಹಗುರಾಗಿ, ನಾನು ಹುರುಪಿನಿಂದ ಮತ್ತಷ್ಟು ಹೊತ್ತು ತಣ್ಣೀರ ಕಲ್ಲಿನ ಮೇಲೆ ನಿಂತೆ. ನೋವು ಮೊದಲಿಗಿಂತ ಜೋರಾಗಿ ಮರಳಿ ಬಂತು.

"ಹಿಂಗಾದ್ರ ಕೊಯ್ಯೋ ವಿಚಾರ ಮಾಡಬೇಕಾಗ್ತದ," ಎಂದರು ಡಾಕ್ಟರು.

ಮನೆಯವರು ನನ್ನ ಮುಖ ನೋಡಿ, "ಬ್ಯಾರೆ ದಾರಿ ಇಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದರು.

"ಅದಕ್ಕ ಮೊದಲ ಒಂದು ಕೆಲಸ ಮಾಡ್ರಿ. ಸೇಡಂನಾಗ ಹೊಸಾ ಸ್ಕ್ಯಾನಿಂಗ್ ಮಷಿನ್ ಬಂದದ. ಕೈಕಾಲಿನ ನರ, ಮಾಂಸ ನೋಡೂದು ಕಲ್ತು ಬಂದ ಮೇಡಂ ಒಬ್ಬರು ಅಲ್ಲಿ ಕುಂದರ್ತಾರ. ಎಕ್ಸ್‌ರೇದಾಗ ಎಲುಬು ಅಷ್ಟೇ ಕಾಣ್ತದ. ಅದರಾಗ ಎಲುಬಿನ ಸುತ್ತ ಏನೇನದ ಎಲ್ಲಾ ಕಾಣ್ತದ. ಅದನ್ನ ನೋಡೇ ಮುಂದಿನ ಮಾತು."

ಸ್ಕ್ಯಾನಿಂಗ್! ನಮ್ಮಲ್ಲಿ ಆ ಶಬ್ದ ಬಸುರಿಯರದು. ಸೊಸೆಗೆ ಎರಡೂ ಸಲ ಮಾಡಿಸಿದ್ದು ನಾನೇ. ಹೊಟ್ಟೆಯ ಮೇಲೆ ಏನೋ ಉಜ್ಜಿ ಕೂಸಿನ ಬಡಿತ ನೋಡುತ್ತಾರೆ. ಹಿಮ್ಮಡಿಯಲ್ಲಿ ಏನಿದೆ ನೋಡಲಿಕ್ಕೆ? ಡಾಕ್ಟರು ತಮಾಷೆ ಮಾಡುವವರಲ್ಲ, ಅದಕ್ಕೇ ಸುಮ್ಮನೆ ಎದ್ದು ಬಂದೆ.

ರಸ್ತೆಗೆ ಬಂದ ಮೇಲೆ ಮನೆಯವರು ಶುರು ಮಾಡಿದರು. "ಈ ವಯಸ್ಸಿನಾಗ ಸ್ಕ್ಯಾನಿಂಗಾ? ಓಣ್ಯಾಗ ಯಾರ ಮುಂದೂ ಅನ್ನಬ್ಯಾಡ. ಪೇಢೆ ಹಂಚು ಅಂತ ನನ್ನ ಬೆನ್ನ ಹತ್ತತಾರ."

"ಹಂಚ್ರಿ. ಒಲಿಯಾಗ ಕಲ್ಲು ಸಿಡಿಸಿದ ಗಂಡಸು ನೀವು, ನಿಮಗ ಯಾವುದು ಭಾರ?"

ನಕ್ಕರು. ನಾನೂ ನಕ್ಕೆ. ಆದರೆ ಹೆದರಿಕೆ ಹೋಗಲಿಲ್ಲ. ಕೊಯ್ಯುವ ಮಾತು ಬಂತೆಂದು ತಿಳಿದು ಅಕ್ಕ ಚಿಂಚೋಳಿಯಿಂದ ತಾನಾಗಿಯೇ ಬಂದಳು. ಬಸ್ಸಿನಲ್ಲಿ ಸೇಡಂ, ಸೇಡಂನಿಂದ ರೈಲಿನಲ್ಲಿ ವಾಡಿ. ಕೋಲು ಟಕ್ ಟಕ್ ಎನ್ನಿಸುತ್ತ ಹೊಸ ಫರಸಿಯ ಮೇಲೆ ನಡೆದು ಬಂದು, ಕುಳಿತು, ಕಾಲು ಚಾಚಿ, "ನಾ ಇದೀನಿ. ಅಡಿಗಿ ಕುಂತು ಮಾಡ್ತೀನಿ. ನೀ ಕೊಯ್ಸಿಕೋ," ಎಂದಳು. ಸಮಾಧಾನ ಹೇಳಲು ಬಂದವಳು. ಅವಳ ಕಾಲು ನೋಡಿ ನನಗೆ ಇದ್ದ ಧೈರ್ಯವೂ ಹೋಯಿತು.

"ಸೇಡಂಗ ನೀನೂ ಬಾ," ಎಂದೆ.

"ನನಗೇನು ಕೆಲಸ ಅಲ್ಲಿ?"

"ನನ್ನ ಕಾಲಿನಾಗ ಏನದ ನೀ ನೋಡು. ನಿನಗ ತಿಳೀತದ. ನಮ್ಮ ಮನಿಯವ್ರಿಗೆ ತಿಳಿಯೂದಿಲ್ಲ."

ಹೀಗೆ ಕುಂಟುವವರಿಬ್ಬರೂ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಹೊರಟೆವು. ವಾಡಿ ಸ್ಟೇಷನ್ನಿನ ಮೆಟ್ಟಿಲಿನ ಸೇತುವೆ ಹತ್ತುವಾಗ ಅಕ್ಕ ಎಡಗಾಲು ಎಳೆಯುತ್ತಿದ್ದಳು, ನಾನು ಬಲಗಾಲು. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು, "ಇಬ್ಬರೂ ಕೂಡಿದ್ರ ಒಬ್ಬಾಕಿ ಚೊಲೋ ಹೆಣ್ಣಮಗಳು ಆಗ್ತಾಳ ನೋಡ್ರಿ," ಎಂದಳು. ಅಕ್ಕ ತಿರುಗಿ, "ನೀ ಮುಂದ ಹೋಗವ್ವ, ನಿನ್ನ ಎರಡೂ ಕಾಲು ನೆಟ್ಟಗವ," ಎಂದಳು. ಚಿತ್ತಾಪುರ ಹೋಯಿತು, ಮಳಖೇಡ ಹೋಯಿತು. ಅಕ್ಕ ಶೇಂಗಾ ತಿನ್ನುತ್ತ ಕೂತಿದ್ದಳು. ನಾನು ಒಂದು ಕಾಳೂ ಮುಟ್ಟಲಿಲ್ಲ.

ಸ್ಕ್ಯಾನಿಂಗ್ ಮಾಡುವಲ್ಲಿ ಬೆಂಚಿನ ತುಂಬ ಬಸುರಿಯರು. ಕೂಸು ಗಂಡೋ ಹೆಣ್ಣೋ ಹೇಳುವುದಿಲ್ಲ ಎಂದು ಗೋಡೆಗೆ ದೊಡ್ಡ ಬೋರ್ಡು. ಚೀಟಿ ಬರೆಯುವ ಹುಡುಗಿ ಆಗಾಗ ಎದ್ದು ನಿಂತು, "ಎಲ್ಲಾರೂ ನೀರು ಕುಡೀರಿ! ನೀರು ತುಂಬಿದ್ರೇ ಒಳಗ ಕಾಣ್ತದ. ಒಂದಕ್ಕ ಹೋಗಬ್ಯಾಡ್ರಿ, ತಡಕೊಂಡು ಕುಂದ್ರಿ!" ಎಂದು ಕೂಗುತ್ತಿದ್ದಳು. ಮೂಲೆಯಲ್ಲಿ ನೀರಿನ ಕೊಡ, ಅದರ ಮೇಲೆ ಸ್ಟೀಲ್ ಗ್ಲಾಸು. ಎಲ್ಲರೂ ಎದ್ದೆದ್ದು ಕುಡಿಯುತ್ತಿದ್ದರು. ನಾನೂ ಎದ್ದು ಕುಡಿದೆ.

"ಇನ್ನಾ ಕುಡಿ," ಎಂದಳು ಅಕ್ಕ. "ಹೊಟ್ಟಿ ಅಂದ್ರ ಹತ್ರ ಅದ, ಜಲ್ದಿ ತುಂಬ್ತದ. ಹಿಮ್ಮಡ ದೂರ ಅದ. ಅಲ್ಲೀತನ ನೀರು ಇಳೀಬೇಕಲ್ಲ?"

ಖರೇ ಅನ್ನಿಸಿತು. ಗ್ಲಾಸಿನ ಮೇಲೆ ಗ್ಲಾಸು ಏರಿಸಿದೆ. ಪಕ್ಕದಲ್ಲಿ ಕೂತಿದ್ದ, ಸೇಡಂ ಹತ್ತಿರದ ಮುಧೋಳದ ಕಡೆಯ ಬಸುರಿ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಆಯಿ, ನಿಮ್ಮ ಸೊಸಿ ಎಲ್ಲದಾರ್ರಿ? ಅವರ ಪಾಲಿಂದೂ ನೀವೇ ಕುಡೀಲಿಕತ್ತೀರಿ?"

"ಸೊಸಿ ಮನ್ಯಾಗ ಅದಾಳ. ಸ್ಕ್ಯಾನಿಂಗ್ ನಂದು."

ಹುಡುಗಿ ಬಾಯಿಗೆ ಸೆರಗು ಹಚ್ಚಿದಳು. ಬೆಂಚಿನ ಆ ತುದಿಯವರೆಗೆ ನಗು ಹೋಯಿತು. ಒಬ್ಬಳು, "ಎಷ್ಟು ತಿಂಗಳ್ರಿ ಆಯಿ?" ಎಂದು ಕೇಳಿಯೇ ಬಿಟ್ಟಳು.

"ಹೋದ ದೀಪಾವಳಿಯಿಂದ ಅದ. ಇನ್ನಾ ಹಡದಿಲ್ಲ," ಎಂದೆ. ಹೆದರಿಕೆ ಇದ್ದಾಗ ನನ್ನ ಬಾಯಿ ಜೋರಾಗುತ್ತದೆ.

ನನ್ನ ಪಾಳಿ ಬರುವ ಹೊತ್ತಿಗೆ ನಾನು ಕಾಲಿನ ಮೇಲೆ ಕಾಲು ಹಾಕಿ ಬಿಗಿಹಿಡಿದು ಕೂತಿದ್ದೆ. ಒಳಗೆ ಕತ್ತಲೆಯ ಕೋಣೆ, ಒಂದು ಮಂಚ, ಟೀವಿಯಂಥ ಮಷಿನ್ನು. ಡಾಕ್ಟರು ಹೆಣ್ಣುಮಗಳು, ಗಡಿಯಾಚೆಯ ತೆಲುಗು ಮನೆಯವರಂತೆ. ಕನ್ನಡ ಮಾತು ಎಳೆದೆಳೆದು ಆಡುತ್ತಿದ್ದರು.

"ಬೋರಲ ಮಲಕ್ಕೋರಿ ಅಮ್ಮಾ. ಪಾದ ಮಂಚದ ಹೊರಗ ಬಿಡ್ರಿ."

"ಬೋರಲ ಆಗೂದಿಲ್ರಿ. ನೀರು ಭಾಳ ಕುಡದೀನಿ."

"ನೀರಾ? ಯಾಕ?"

"ಕಾಣಬೇಕಲ್ರಿ ಒಳಗ."

ಮೇಡಂ ನನ್ನ ಚೀಟಿ ನೋಡಿದರು, ನನ್ನನ್ನು ನೋಡಿದರು, ತುಟಿ ಒತ್ತಿ ಹಿಡಿದರು. "ಅಮ್ಮಾ, ನೀರು ಹೊಟ್ಟಿ ನೋಡೋದಕ್ಕ. ಹಿಮ್ಮಡಕ್ಕ ಬ್ಯಾಡ. ಮೊದಲ ಹೋಗಿ ಬರ್ರಿ."

ಅಕ್ಕ ಬಾಗಿಲ ಬಳಿ ನಿಂತು ಏನೂ ಕೇಳಿಸದವಳಂತೆ ಸೂರು ನೋಡುತ್ತಿದ್ದಳು. ನಾನು ಹೋಗಿ ಬಂದೆ. ಬಂದು ಬೋರಲು ಮಲಗಿದೆ. ಮೇಡಂ ನನ್ನ ಹಿಮ್ಮಡಿಗೆ ತಣ್ಣನೆಯ ಲೋಳೆಯಂಥದ್ದು ಹಚ್ಚಿ, ಕೈಯಲ್ಲಿ ಹಿಡಿಯುವ ಸಣ್ಣ ಡಬ್ಬಿಯಂಥದ್ದನ್ನು ಅದರ ಮೇಲೆ ಒತ್ತಿ ಸರಿಸತೊಡಗಿದರು. ಬಿರಿದ ಹಿಮ್ಮಡಿ ನನ್ನದು, ಎಷ್ಟು ತಿಕ್ಕಿ ತೊಳೆದರೂ ಕಪ್ಪು ಹೋಗುವುದಿಲ್ಲ. ಓದಿದ ಹೆಣ್ಣುಮಗಳು ಅದನ್ನು ಮುಟ್ಟುವುದು ನೋಡಿ ಕಾಲು ತಾನಾಗಿ ಹಿಂದೆ ಸರಿಯಿತು. ಅವರು ಎಳೆದುಕೊಂಡರು. ಕೊಯ್ಯುವುದಕ್ಕೆ ಮೊದಲು ಗುರುತು ಮಾಡುತ್ತಿದ್ದಾರೋ ಏನೋ ಎಂದು ನಾನು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದೆ.

ಬಲಗಾಲು ಮುಗಿಯಿತು. ಎಡಗಾಲಿಗೂ ಲೋಳೆ ಹಚ್ಚಿದರು.

"ಅದು ನೋಯೂದಿಲ್ರಿ ಮೇಡಂ. ಈ ಕಾಲು ನೋಯ್ತದ."

"ಗೊತ್ತು. ನೋಯದೇ ಇರೋದು ಹ್ಯಾಂಗದ ಅಂತ ನೋಡಿದ್ರೇ ನೋಯೋದು ತಿಳೀತದ."

ಆಮೇಲೆ ಪರದೆಯನ್ನು ನನ್ನ ಮುಖದ ಕಡೆ ತಿರುಗಿಸಿದರು. ಅಕ್ಕ ಕೋಲು ಗೋಡೆಗೆ ಆನಿಸಿ ಹತ್ತಿರ ಬಂದಳು. ಮೊದಲಿಗೆ ಮಳೆಗಾಲದ ಮೋಡದಂತೆ ಕಂಡಿತು. ಮೇಡಂ ಬೆರಳಿಟ್ಟು ತೋರಿಸಿದ ಮೇಲೆ ಸ್ವಲ್ಪ ಸ್ವಲ್ಪ ಗುರುತು ಹತ್ತಿತು.

"ಈ ಬೆಳ್ಳನ ಗೆರಿ ಎಲುಬು. ಅಲ್ಲಿಂದ ಬೆರಳಿನ ತನಕ ಅಂಗಾಲ ಕೆಳಗ ಒಂದು ಗಟ್ಟಿ ಪಟ್ಟಿ ಹೋಗ್ತದ. ನಿಮ್ಮ ಎಡಗಾಲಿಂದು ನೋಡ್ರಿ, ತೆಳ್ಳಗ ಅದ, ಎಳಿ ಎಳಿ ಕಾಣ್ತದ. ಈಗ ಬಲಗಾಲಿಂದು ನೋಡ್ರಿ. ಎಲುಬಿಗೆ ಹತ್ತಿದ ಕಡೆ ಊದಿ ದಪ್ಪ ಆಗ್ಯಾದ. ಕಪ್ಪಗ, ಮಬ್ಬಗ ಕಾಣ್ಲಿಕತ್ತದಲ್ಲ? ಅದು ಬಾವು."

ಒಂದು ಗುಂಡಿ ಒತ್ತಿದರು. ಮೋಡದ ನಡುವೆ ಕೆಂಪು ಚುಕ್ಕೆಗಳು ಮಿಣಿಮಿಣಿ ಎಂದವು. ಬಾವು ಬಂದಲ್ಲಿ ರಕ್ತ ಹೆಚ್ಚು ಓಡಾಡುತ್ತದೆ, ಆ ಮಷಿನ್ನು ಅದನ್ನೂ ತೋರಿಸುತ್ತದೆ ಎಂದರು. ಎಡಗಾಲಿನಲ್ಲಿ ಚುಕ್ಕೆ ಇರಲಿಲ್ಲ.

ನನಗೆ ಬೇಕಾಗಿದ್ದದ್ದು ಚುಕ್ಕೆಯಲ್ಲ. "ಚುಂಚು ಎಲ್ಲದರಿ? ಶಹಾಬಾದ ಡಾಕ್ಟ್ರು ಎಲುಬಿಗೆ ಚುಂಚು ಬೆಳದದ ಅಂದಾರ."

"ಅದ. ಇಲ್ಲಿ ನೋಡ್ರಿ." ಬೆಳ್ಳನೆಯ ಗೆರೆಯ ತುದಿಯಲ್ಲಿ ಸಣ್ಣ ಮೂಗು. ಮೇಡಂ ಎಡಗಾಲಿನ ಚಿತ್ರ ತಂದರು. ಅಲ್ಲಿಯೂ ಅಂಥದೇ ಮೂಗು. "ಈ ಕಾಲಿಗೂ ಅದ. ಇದು ನೋಯ್ತದೇನು?"

"ಇಲ್ರಿ."

"ಚುಂಚೇ ನೋಯಿಸೋದಿದ್ರ ಎರಡೂ ಕಾಲು ನೋಯಬೇಕಿತ್ತಲ್ಲಮ್ಮಾ?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು.

"ಮತ್ತ ಕೊಯ್ಯೂದು?" ಎಂದು ಕೇಳಿದೆ. ಬೇರೆ ರೀತಿ ಕೇಳಲು ನನಗೆ ಬರುವುದಿಲ್ಲ.

"ಪಟ್ಟಿ ಎಲ್ಲೂ ಹರದಿಲ್ಲ. ಬಾವು ಅಷ್ಟೇ. ಕೊಯ್ಯೋ ಅಂಥಾದ್ದು ನನಗೇನೂ ಕಾಣ್ಲಿಕತ್ತಿಲ್ಲ. ಹಂಗೇ ಬರದು ಕೊಡ್ತೀನಿ. ಕಡೀ ಮಾತು ನಿಮ್ಮ ಡಾಕ್ಟರದು. ಆದರ ಅವರೂ ಬ್ಯಾಡ ಅಂತಾರ, ನೋಡ್ರಿ."

ಮಂಚದ ಅಂಚಿನಿಂದ ಕೈ ಬಿಟ್ಟೆ. ಬೆರಳು ಜೋಮು ಹಿಡಿದಿದ್ದವು. ಸಂತೋಷ ಎಂದರೆ ಕುಣಿಯಬೇಕು, ಅಳಬೇಕು ಎನ್ನುತ್ತಾರೆ. ನನಗೆ ಏನೂ ಆಗಲಿಲ್ಲ. ಹಸಿವಾಯಿತು. ಅಕ್ಕ ಗಾಡಿಯಲ್ಲಿ ತಿಂದು ಉಳಿಸಿದ ಶೇಂಗಾ ಎಲ್ಲಿ ಎಂದು ನೆನಪಾಯಿತು.

ಲೋಳೆ ಒರೆಸಿಕೊಂಡು ಎದ್ದು ಕೂತಾಗ ಮೇಡಂ ಕೇಳಿದರು, "ಅಮ್ಮಾ, ಮನ್ಯಾಗ ನೆಲ ಎಂಥದು?"

"ಫರಸಿ ರೀ. ನಮ್ಮ ಮಗ ಪಾಲಿಶ್ ಮಾಡಿಸಿ ಹಾಕ್ಸ್ಯಾನ."

"ಯಾವಾಗ ಹಾಕ್ಸಿದ್ದು?"

ಹೇಳಿದೆ. ಹೇಳುವಾಗಲೇ, ನೋವು ಶುರುವಾದದ್ದು ಅದರ ಹಿಂದೆಯೇ ಎಂದು ನನ್ನ ತಲೆಗೆ ಹೊಳೆಯಿತು. ಅದುವರೆಗೆ ಒಂದು ದಿನವೂ ಹೊಳೆದಿರಲಿಲ್ಲ.

"ಮೊದಲ ಕುಂತು ಅಡಿಗಿ, ಈಗ ನಿಂತು ಅಡಿಗಿ. ಬರಿಗಾಲಿಲೆ ಅಲ್ಲ? ಮತ್ತ ನೋವಿಗೆ ಮನ್ಯಾಗ ಏನು ಮಾಡ್ತಿದ್ರಿ?"

"ಕಾವು ಇಳೀಲಿ ಅಂತ ಮುಂಜಾನೆದ್ದು ಫರಸಿಗೆ ನೀರು ಹಾಕಿ ನಿಂದರ್ತೀನ್ರಿ. ಹಿಮ್ಮಡ ಕುಟ್ತೀನಿ."

"ಕುಟ್ತೀರಿ?"

"ಹೌದ್ರಿ. ಜೋರಲೇ."

ಮೇಡಂ ಅಕ್ಕನ ಕಡೆ ನೋಡಿದರು. ಅಕ್ಕ, "ಬರೋಬ್ಬರಿ ಅದರಿ. ಕಲ್ಲು ಕಾವು ಎಳೀತದ. ನಾನೂ ಹಂಗೇ ಮಾಡ್ತಿದ್ದೆ," ಎಂದಳು.

ಮೇಡಂ ಈಗ ತುಟಿ ಒತ್ತಿ ಹಿಡಿಯಲಿಲ್ಲ, ಜೋರಾಗಿಯೇ ನಕ್ಕರು. ಆಮೇಲೆ ಸಾವಕಾಶ ತಿಳಿಸಿ ಹೇಳಿದರು. ರಾತ್ರಿಯೆಲ್ಲ ಆ ಪಟ್ಟಿ ಬಿಗಿಯಾಗಿ ಮುದುಡಿರುತ್ತದೆ. ಎದ್ದ ಕೂಡಲೇ ಊರಿದರೆ ಜಗ್ಗಿ ನೋಯುತ್ತದೆ. ಅಂಥ ಹೊತ್ತಿಗೆ ನೀವು ಅದನ್ನು ಕಲ್ಲಿಗೆ ಕುಟ್ಟುತ್ತ ಬಂದಿದ್ದೀರಿ. ಹುಣ್ಣಾದ ಜಾಗವನ್ನು ದಿನಾ ಬಡಿದರೆ ಅದು ಹೇಗೆ ಮಾಯಬೇಕು? ಇದು ಉಷ್ಣವಲ್ಲ, ತಣ್ಣೀರಿನದೇನೂ ತಪ್ಪಿಲ್ಲ, ಗಟ್ಟಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಂದ ನೋವು, ಕುಟ್ಟಿ ಹೆಚ್ಚಾಗಿದೆ, ಮೊದಲು ಕುಟ್ಟುವುದನ್ನು ಬಿಡಿ ಎಂದರು. ಸೊಸೆ ಹೇಳಿದ್ದ ಮಾತೇ. ಮೇಡಂ ಬಾಯಿಂದ ಬಂದದ್ದಕ್ಕೆ ಕೇಳಿಸಿಕೊಂಡೆ.

ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತಳು. ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಮೇಡಮ್ಮಾರ, ನಂದು ಕೊಯ್ಯೋ ಮುಂದ ಈ ಮಷಿನ್ ಇದ್ದಿದ್ರ, ಕೊಯ್ಯೂದು ಬ್ಯಾಡ ಅಂತಿತ್ತೇನು?"

ಮೇಡಂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಆವಾಗ ನಿಮ್ಮ ಕಾಲಿನಾಗ ಏನಿತ್ತು ಅಂತ ಈಗ ನಾ ಹ್ಯಾಂಗ ಹೇಳಲಮ್ಮಾ? ಸುಳ್ಳು ಹೇಳಬಾರದು. ಆವಾಗ ಈ ಕಡಿ ಇಂಥಾ ಮಷಿನ್ ಇರಲಿಲ್ಲ."

"ಹೌದು ಬಿಡ್ರಿ," ಎಂದಳು ಅಕ್ಕ. "ಸುಮ್ಕ ಕೇಳ್ದೆ."

ಸೇಡಂ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ಕೂತಾಗ ಶೇಂಗಾದ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿ, "ನಿಂದು ತಡಾ ಆಗಿ ನೋಯ್ತು. ಅದೇ ನಿನ್ನ ನಸೀಬ," ಎಂದಳು. ವಾಡಿ ಬರುವಷ್ಟರಲ್ಲಿ ಶೇಂಗಾ ಪೂರ್ತಿ ನಾನೇ ತಿಂದೆ.

ಶಹಾಬಾದಿನ ಡಾಕ್ಟರು ಚಿತ್ರ ನೋಡಿ, ಬರೆದದ್ದು ಓದಿ, "ಛಲೋ ಆಯ್ತು. ಕೊಯ್ಯೂದು ಬ್ಯಾಡ," ಎಂದರು. ಇಷ್ಟೇ. ಇಷ್ಟು ಕೇಳಲು ನಾನು ಅಷ್ಟು ದಿನ ಹೆದರಿ ಸಾಯುತ್ತಿದ್ದೆ. ಅದರ ಬದಲು ಏನೇನು ಮಾಡಬೇಕೆಂದು ಹೇಳಿಕೊಟ್ಟರು. ಹಾಸಿಗೆಯಿಂದ ಇಳಿಯುವ ಮೊದಲು ಟವೆಲ್ಲನ್ನು ಪಾದಕ್ಕೆ ಹಾಕಿ ಬೆರಳನ್ನು ನನ್ನ ಕಡೆ ಎಳೆದುಕೊಳ್ಳಬೇಕು. ಗೋಡೆಗೆ ಕೈ ಕೊಟ್ಟು ಮೀನಖಂಡ ಚಾಚಬೇಕು. ಕುಳಿತಾಗ ಅಂಗಾಲ ಕೆಳಗೆ ಬಾಟಲಿ ಉರುಳಿಸಬೇಕು. ಇವೆಲ್ಲ ಸರಿ. ಕಡೆಯ ಮಾತಿಗೆ ಮನೆಯಲ್ಲಿ ಗದ್ದಲವಾಯಿತು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು, ಬರಿಗಾಲಲ್ಲಿ ಫರಸಿ ತುಳಿಯಬಾರದು.

ನಮ್ಮದು ದಿನಾ ಲಿಂಗಪೂಜೆ ಮಾಡುವ ಮನೆ. ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಕಾಲು ತೊಳೆದು ಒಳಗೆ ಬರಬೇಕು. ಅಡುಗೆಮನೆಯ ಮಾತಂತೂ ದೂರ.

"ಒಲಿ ಮುಂದ ಚಪ್ಪಲಿ?" ಅಕ್ಕ ಕಣ್ಣು ಕೆಕ್ಕರಿಸಿದಳು. "ಅದಕ್ಕಿಂತ ಕೊಯ್ಸಿಕೊಂಡಿದ್ರೇ ನೆಟ್ಟಗಿತ್ತು."

"ಹೊರಗ ಒಮ್ಮಿನೂ ಹಾಕದ ಚಪ್ಪಲಿ ಮೈಲಿಗಿ ಹ್ಯಾಂಗ ಆಗ್ತದ?" ಎಂದರು ನಮ್ಮ ಮನೆಯವರು. "ಅದು ಮನಿ ಸಾಮಾನು. ಬುಟ್ಟಿ ಇದ್ದಂಗ."

"ಹಂಗಾದ್ರ ಬುಟ್ಟಿನೇ ಕಾಲಿಗೆ ಹಾಕ್ಕೋ ಅಂತ ಹೇಳ್ರಿ."

ಸೊಸೆ ಪೇಟೆಗೆ ಹೋಗಿ ಮೆತ್ತನೆಯ ರಬ್ಬರಿನ ಜೋಡು ತಂದು, ತೊಳೆದು, ಪಡಸಾಲೆಯಲ್ಲಿ ನನ್ನ ಮಂಚದ ಕೆಳಗೆ ಇಟ್ಟಳು. ಪಡಸಾಲೆಯಲ್ಲಿ ಹಾಕಿಕೊಂಡೆ. ಅಡುಗೆಮನೆಯ ಬಾಗಿಲಿಗೆ ಬಂದರೆ ಕಾಲು ತಾನಾಗಿ ಚಪ್ಪಲಿ ಕಳಚುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ, ಆದರೂ ನನ್ನಿಂದ ಆಗಲಿಲ್ಲ. ಕಟ್ಟೆಯ ಮುಂದೆ 'ಸ್ವಲ್ಪ ಹೊತ್ತು' ಎಂದು ಬರಿಗಾಲಲ್ಲಿ ನಿಂತೆ. ಮರುದಿನ ಬೆಳಿಗ್ಗೆ ಮತ್ತೆ ಗೋಡೆ ಹಿಡಿದೆ.

ಅದನ್ನು ಅಕ್ಕ ನೋಡಿದಳು. ಸೊಸೆಯಿಂದ ಹಳೆಯ ಸೀರೆಗಳನ್ನು ತರಿಸಿ, ಪದರದ ಮೇಲೆ ಪದರ ಹಾಕಿ, ಕಾಲು ಚಾಚಿ ಕೂತು ಹೊಲಿಯಲು ಹತ್ತಿದಳು. ಕೌದಿ ಹೊಲಿಯುವುದರಲ್ಲಿ ಅವಳ ಕೈ ಮೊದಲಿನಿಂದಲೂ ಚೆಂದ. ಆದರೆ ಈ ಕೌದಿ ಹೊದೆಯುವುದಲ್ಲ, ಕಟ್ಟೆಯ ಮುಂದೆ ಒಬ್ಬಳು ನಿಲ್ಲುವಷ್ಟೇ ಅಗಲ, ಬೆರಳು ಒತ್ತಿದರೆ ಒಳಗೆ ಹೋಗುವಷ್ಟು ದಪ್ಪ. ಅವಳು ಹೊಲಿಯುವಷ್ಟು ದಿನ ರೊಟ್ಟಿಯನ್ನು ಸೊಸೆ ಬಡಿದಳು. ನಾನು ಕುಳಿತು ಅವಳ ರೊಟ್ಟಿಗೆ ದಪ್ಪ, ಹಸಿ ಎಂದು ಹೆಸರಿಟ್ಟೆ.

ಕೌದಿ ಮುಗಿದಾಗ ಅಕ್ಕ ಅದನ್ನು ಫರಸಿಯ ಮೇಲೆ ಎಸೆದು, "ಇದರ ಮ್ಯಾಲ ನಿಂದ್ರು. ಇದಕ್ಕ ಯಾವ ದೇವರದೂ ತಕರಾರು ಇಲ್ಲ," ಎಂದಳು.

ನಿಂತೆ. ಮಣ್ಣಿನ ನೆಲದ ಮೇಲೆ ನಿಂತಂತಾಯಿತು.

ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಮೇಡಂ ಮೊದಲೇ ಹೇಳಿದ್ದರು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು. ಟವೆಲ್ಲು ಎಳೆದೆ, ಬಾಟಲಿ ಉರುಳಿಸಿದೆ. ಚಪ್ಪಲಿ ನೋಡಿ ಮುಖ ತಿರುವಿದ ಬೀಗರಿಗೆ ಹಿಮ್ಮಡಿ ಎತ್ತಿ ತೋರಿಸಿದೆ. ಒಂದು ದಿನ ಬೆಳಿಗ್ಗೆ ಹಾಲು ಉಕ್ಕುವ ವಾಸನೆ ಬಂದು, ದಡಬಡ ಎದ್ದು ಹೋಗಿ ಗ್ಯಾಸ್ ಆರಿಸಿ, ಸೊಸೆಯನ್ನು ಕೂಗಿ ಕರೆದು ಚೆನ್ನಾಗಿ ಬೈದೆ. ಬೈಯುತ್ತಿದ್ದ ನನ್ನನ್ನೇ ಅವಳು ಬಾಗಿಲಲ್ಲಿ ನಿಂತು ನಗುತ್ತ ನೋಡುತ್ತಿದ್ದಳು.

"ಯಾಕ ನಗ್ತಿ?"

"ಅತ್ತೀ, ನೀವು ಗ್ವಾಡಿ ಹಿಡೀಲಿಲ್ಲ."

ಹೌದಲ್ಲ ಎಂದುಕೊಂಡೆ. ಹಾಗೆಂದು ಹಾಲಿನ ಮಾತು ಬಿಡಲಿಲ್ಲ.

ಆ ವರ್ಷದ ಕಡೆಗೆ ಅಕ್ಕ ಮತ್ತೊಮ್ಮೆ ಬಂದು ಕೆಲವು ದಿನ ಇದ್ದು ಹೊರಟಳು. ನಾನೇ ಸ್ಟೇಷನ್ನಿಗೆ ಕಳಿಸಲು ಹೋದೆ. ಅವಳ ಚೀಲದಲ್ಲಿ ಬಟ್ಟೆಯ ಕೆಳಗೆ ಮೆತ್ತನೆಯ ರಬ್ಬರಿನ ಹೊಸ ಜೋಡು ಇತ್ತು. ಸೊಸೆ ತಂದು ಕೊಟ್ಟದ್ದು. ಅಕ್ಕ ಅದನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಸೀರೆ ಮುಚ್ಚಿದ್ದಳು. "ಮನ್ಯಾಗ ಹಾಕ್ಕೊಳ್ತಿ ಏನು?" ಎಂದು ಕೇಳಿದೆ. "ನಾ ಎಲ್ಲಿ ಹಾಕ್ಕೊಳ್ಲಿ? ಹಗೂರ ಅದ ಅಂತ ಒಯ್ಲಿಕತ್ತೀನಿ," ಎಂದಳು.

ಅದೇ ಮೆಟ್ಟಿಲಿನ ಸೇತುವೆ. ಗಾಡಿಗೆ ತಡವಾಗಿತ್ತು. ಚೀಲವನ್ನು ನಾನು ತಲೆಯ ಮೇಲಿಟ್ಟುಕೊಂಡು ಹತ್ತುತ್ತಿದ್ದೆ. ಹಿಂದಿನಿಂದ ಕೋಲಿನ ಸದ್ದು ದೂರವಾಗುತ್ತ ಬಂತು. ಆಮೇಲೆ ನಿಂತಿತು. ತಿರುಗಿ ನೋಡಿದರೆ ಅಕ್ಕ ನಡುವಿನ ಮೆಟ್ಟಿಲಲ್ಲಿ ಕಟಕಟೆ ಹಿಡಿದು ನಿಂತು ಏದುಸಿರು ಬಿಡುತ್ತಿದ್ದಳು.

"ಏ, ಜರಾ ನಿಧಾನ ನಡಿ," ಎಂದು ಕೂಗಿದಳು. "ಕಾಲು ಉಳೀತಂತ ಇಷ್ಟು ಸೊಕ್ಕು ಬ್ಯಾಡ."

ನಿಂತೆ. ಅವಳು ಬರುವವರೆಗೆ ಎರಡೂ ಹಿಮ್ಮಡಿ ಊರಿ ನಿಂತುಕೊಂಡೆ.